ನೀರಿಗೆ ಬೆರೆತ ನೀರು

ಮಾರ್ಚ್ ಹದಿನಾಲ್ಕು, ಭಾನುವಾರ, ಬೆಳಗ್ಗೆ ಎಂಟು ಗಂಟೆ ಹತ್ತು ನಿಮಿಷ. ಕಾರಿನ ಹಿಂದಿನ ಸೀಟಿನಲ್ಲಿ ತಮ್ಮ, ಟವೆಲಿನಲ್ಲಿ ಸುತ್ತಿದ ಗಾಜಿನ ಸಾಂದ್ರತಾಮಾಪಕವನ್ನು ಎಳೆಗೂಸಿನಂತೆ ತೊಡೆಯ ಮೇಲೆ ಮಲಗಿಸಿಕೊಂಡಿದ್ದ. ಡೈರಿಯಲ್ಲಿ ಹಾಲು ಪರೀಕ್ಷಿಸುವುದು ಅವನ ಕೆಲಸ.

“ಹಾಲಿಗೆ ನೀರು ಬೆರೆಸಿದ್ದಾರಾ ಅಂತ ನೋಡಿದ್ದು ಸಾಲದಾಯ್ತಾ?” ಮುಂದಿನ ಸೀಟಿನಿಂದ ಅಕ್ಕ ಕೇಳಿದಳು. “ಇವತ್ತು ನೀರಿಗೆ ಯಾರು ನೀರು ಬೆರೆಸಿದ್ದಾರೆ ಅಂತ ನೋಡ್ತೀಯೇನೋ?”

ಕಾರು ಓಡಿಸುತ್ತಿದ್ದ ಭಾವ ನಕ್ಕರು. ತಮ್ಮನಿಗೆ ನಗು ಬರಲಿಲ್ಲ. ಚಿಕ್ಕವಳಿದ್ದಾಗ ಹೊಂಡಕ್ಕೆ ಬಿದ್ದು ಬದುಕಿದ ಅಕ್ಕ, ಆಮೇಲೆ ಮೊಣಕಾಲು ಮುಳುಗುವಷ್ಟು ನೀರಿಗೆ ಇಳಿದವಳಲ್ಲ. ಐವತ್ತೆಂಟನೇ ವಯಸ್ಸಿಗೆ ಅವಳನ್ನು ಉಪ್ಪುಸರೋವರಕ್ಕೆ ಹೊರಡಿಸಿದವನು ಅವನೇ. ಭಾವ ಅಲ್ಲಿಂದ ತಂದಿದ್ದ ಒಂದು ಬಾಟಲಿ ನೀರನ್ನು ಅಳೆದು, “ಬರೀ ನೀರು 1.00 ಇದ್ರೆ ಇದು 1.18 ಅಕ್ಕ. ಮುಳುಗ್ತೀನಿ ಅಂತ ಹಟ ಹಿಡಿದ್ರೂ ಮುಳುಗಲ್ಲ” ಎಂದಿದ್ದ.

ಭಾವ ಬಾಟಲಿ ತುಂಬಿಸಿದ್ದ ಮಾಮೂಲಿ ದಡದಲ್ಲಿ ಜನ ತುಂಬಿ ಕಾಲಿಡಲು ಜಾಗವಿರಲಿಲ್ಲ. ಭಾವ ಆಚೆ ದಡಕ್ಕೆ ಕಾರು ತಿರುಗಿಸಿದರು. “ಜನ ಇಲ್ಲ. ಉಪ್ಪು ತೊಳ್ಕೊಳ್ಳೋಕೆ ಸಿಹಿನೀರಿನ ತೊರೆ ಬೇರೆ ಇದೆ.”

ಅವನು ಚಾಪೆ, ಕೊಡೆ ಇಳಿಸುವಷ್ಟರಲ್ಲಿ, ಅವನ ಮಾತನ್ನೇ ನಂಬಿದ್ದ ಅಕ್ಕ ನೀರಿನಲ್ಲಿದ್ದಳು. ಕಲ್ಲುಗಳ ಮೇಲೆ ಉಪ್ಪಿನ ಬಿಳಿಯೇ ಇಲ್ಲದ್ದು ಅವನ ಕಣ್ಣಿಗೆ ಬಿತ್ತು. ನೀರಂಚಿಗೆ ಹಸಿರು ಹುಲ್ಲು. ಅಷ್ಟು ಉಪ್ಪಿನಲ್ಲಿ ಹುಲ್ಲೆಲ್ಲಿಂದ ಬಂತು? ಓಡಿ ಹೋಗಿ ಮಾಪಕವನ್ನು ಇಳಿಬಿಟ್ಟ. ಅದು ಕುತ್ತಿಗೆಯವರೆಗೂ ಮುಳುಗಿತು: 1.01.

ಅಕ್ಕ ಎದೆಮಟ್ಟ ನೀರಿನಲ್ಲಿ ಕಣ್ಣು ಮುಚ್ಚಿ ನಿಂತಿದ್ದಳು. “ಕಾಲು ಎತ್ತಲೇನೋ?”

ಕೂಗಿದರೆ ಗಾಬರಿಯಾಗಿ ಜಾರಿಬಿಡುತ್ತಾಳೆ. ಪ್ಯಾಂಟಿನ ಸಮೇತ ಇಳಿಯುತ್ತಲೇ, ಚಹಾ ಬೇಕಾ ಎಂದು ಕೇಳುವ ದನಿಯಲ್ಲಿ, “ತಾಳು, ನಾನೂ ಬಂದೆ” ಎಂದ. ಅವಳ ಕೈ ಸಿಕ್ಕಿದ ಮೇಲೆ ಹೇಳಿದ: “ಎತ್ತಬೇಡ. ತೊರೆಯ ನೀರು ಹಗುರ, ಉಪ್ಪುನೀರಿನ ಮೇಲೆ ಹರಡಿಕೊಂಡಿದೆ. ಇದು ತೇಲಿಸಲ್ಲ.”

“ಅಂದ್ರೆ ನೀರಿಗೆ ನೀರು ಬೆರೆತಿದೆ.”

“ಹೂಂ.”

ಅವಳ ಉಗುರು ಅವನ ಮಣಿಕಟ್ಟಿಗೆ ನಾಟಿತ್ತು. ಒಂದು ಕ್ಯಾನಿನ ಹಾಲು ನೋಡಿ ಇಡೀ ಟ್ಯಾಂಕರನ್ನು ಪಾಸು ಮಾಡಿದವರನ್ನು ಅವನು ಎಷ್ಟು ಸಲ ಗದರಿರಲಿಲ್ಲ? ಇನ್ನು ಅಕ್ಕ ಜನ್ಮದಲ್ಲಿ ನೀರಿಗಿಳಿಯುವುದಿಲ್ಲ ಎಂದುಕೊಂಡ.

ದಡಕ್ಕೆ ಬಂದು ಅವಳು ಸೀರೆ ಹಿಂಡಿದಳು. “ರೀ, ಬಾಟಲಿ ತುಂಬಿಸಿದ ಜಾಗಕ್ಕೇ ನಡೀರಿ. ಜನ ಇದ್ರೆ ಇರ್ಲಿ, ಹೇಗೂ ಒದ್ದೆಯಾಗಿದೀನಿ. ಈ ಸಲ ಮೊದಲು ಅವನ ಗಾಜು ಇಳೀಲಿ.”

ಅಲ್ಲಿ ಕಲ್ಲುಗಳೆಲ್ಲ ಬಿಳಿ. ಸೊಂಟಮಟ್ಟ ನೀರಿನಲ್ಲಿ ಅವನು ಮಾಪಕ ಬಿಟ್ಟ. ಗಾಳಿಗೆ ಅದು ಕುಣಿಯಿತು; ತೆಗೆದು ಮತ್ತೆ ಬಿಟ್ಟ, ಮತ್ತೂ ಬಿಟ್ಟ.

“ಸಾಕು ಕಣೋ. ಎಷ್ಟು?”

ಹೇಳಿದ. ಅಕ್ಕ ಅವನ ಕೈ ಬಿಡದೆ ನೀರಿಗೆ ಬೆನ್ನು ಕೊಟ್ಟಳು. ಕಾಲ್ಬೆರಳುಗಳು ತಾವಾಗಿ ಮೇಲೆ ಬಂದವು. ಅವುಗಳನ್ನೇ ನೋಡುತ್ತ ಕೊನೆಗೆ ಕೈ ಬಿಟ್ಟಳು.

ಅವನು ಮಾತ್ರ ಇನ್ನೊಮ್ಮೆ ಬಗ್ಗಿ ಗೆರೆ ನೋಡಿದ. 1.17.