ಮೂರು ಗುಳಿಯ ಇಟ್ಟಿಗೆ

ಗೂಡು ಆರಿದ ಮೇಲೆ ಬಂದ ಗಾರೆ ಮೇಸ್ತ್ರಿ ಮೇಲಿನ ಸಾಲಿನ ಇಟ್ಟಿಗೆಗಳನ್ನು ಮುಟ್ಟಲಿಲ್ಲ. ತೋಳಿನವರೆಗೂ ಕೈ ಒಳಗೆ ಹಾಕಿ ಅಡಿಯಿಂದ, ಮೂಲೆಯಿಂದ, ಗೂಡಿನ ನಡುವಿನಿಂದ ತೊಂಬತ್ತು ಇಟ್ಟಿಗೆಗಳನ್ನು ತಾನೇ ಎಳೆದು ತೆಗೆದ. ಚಪ್ಪರದ ಕೆಳಗೆ ಮರಳು ಹರಡಿಸಿ, ನೀರು ಹಾಕಿಸಿ, ಅದರ ಮೇಲೆ ಅವನ್ನು ಸಾಲಾಗಿ ಜೋಡಿಸಿ ಒದ್ದೆ ಗೋಣಿಚೀಲ ಹೊದಿಸಿದ.

"ದಿನಾ ಎರಡು ಹೊತ್ತು ನೀರು ಚಿಮುಕಿಸಿ. ಮೂರು ವಾರ ಬಿಟ್ಟು ಬರ್ತೀನಿ. ಎಲ್ಲಾ ಸರಿಯಾಗಿದ್ರೆ ಮೊದಲು ನನ್ನ ಮನೆ ಗೋಡೆಗೇ ಹಾಕ್ತೀನಿ. ಒಂದು ಸಿಡಿದ್ರೂ ಈ ಕಡೆ ತಲೆ ಹಾಕಿ ಮಲಗಲ್ಲ."

"ಆಗಲಿ," ಎಂದ ಗೂಡಿನವನು.

"ಆಗಲಿ ಅನ್ನೋದು ನಿನಗೆ ಮೊದಲಿಂದಲೂ ಸಲೀಸು," ಎಂದು ಮೇಸ್ತ್ರಿ ಕೈ ತೊಳೆದುಕೊಂಡು ಹೋದ.

ಮೇಸ್ತ್ರಿಯ ಮಾತಿನಲ್ಲಿ ತಪ್ಪಿರಲಿಲ್ಲ. ಗೂಡಿನವನ ಅಪ್ಪನ ಕಾಲದಲ್ಲಿ ಕಲಸಿದ ಮಣ್ಣನ್ನು ಹೆಂಗಸರು ಹಲಗೆಯ ಮೇಲೆ ಹರಡಿ, ಹಿಡಿ ಹಿಡಿಯಾಗಿ ಬೆರಳಲ್ಲಿ ಉಜ್ಜಿ, ಸುಣ್ಣದ ಹರಳುಗಳನ್ನು ಆರಿಸಿ ತೆಗೆಯುತ್ತಿದ್ದರು. ಹರಳು ಉಳಿದರೆ ಇಟ್ಟಿಗೆಯ ಜೊತೆಗೆ ಅದೂ ಬೇಯುತ್ತದೆ. ಮುಂದೆ ಯಾವಾಗಲೋ ತೇವ ತಗುಲಿದಾಗ ಉಬ್ಬಿ ಇಟ್ಟಿಗೆಯನ್ನು ಸಿಡಿಸುತ್ತದೆ. ಯಾರು ಆರಿಸಿದ ಮಣ್ಣೋ ಅವರೇ ಅಚ್ಚಿಗೆ ಹಾಕಿ, ಹಸಿ ಇಟ್ಟಿಗೆಯ ಮೇಲೆ ಹೆಬ್ಬೆರಳಿನಿಂದ ತಮ್ಮ ಗುಳಿಯ ಗುರುತು ಒತ್ತಬೇಕಿತ್ತು. ಇವನು ಯಜಮಾನನಾದ ಎರಡನೇ ವರ್ಷ ಯಂತ್ರ ಬಂತು. ಯಂತ್ರ ಮಣ್ಣನ್ನು ಅರೆಯುತ್ತದೆ, ಹರಳೂ ಅದರಲ್ಲೇ ಪುಡಿಯಾಗುತ್ತದೆ ಎಂದು ಆರಿಸುವ ಹಲಗೆಗಳನ್ನು ಅಟ್ಟಕ್ಕೆ ಏರಿಸಿದ. ಗುಳಿಗಳ ಜಾಗದಲ್ಲಿ ಯಂತ್ರ ಪ್ರತಿ ಇಟ್ಟಿಗೆಯ ಮೇಲೂ ಅವನ ಹೆಸರಿನ ಮೊದಲ ಅಕ್ಷರವನ್ನು ಒತ್ತುತ್ತಿತ್ತು. ನೋಡಲು ಚೆನ್ನಾಗಿಯೇ ಇತ್ತು.

ಆ ಇಟ್ಟಿಗೆಯಿಂದ ಮೇಸ್ತ್ರಿ ಒಂದು ಶಾಲೆ ಕಟ್ಟಿದ. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಒಳಗೋಡೆಗಳ ಮೇಲೆ ಬಿಳಿ ಚುಕ್ಕೆಗಳೆದ್ದವು, ಗಾರೆ ಚಕ್ಕೆ ಚಕ್ಕೆಯಾಗಿ ಉದುರಿತು. ನಾಲ್ಕಕ್ಕೆ ನಾಲ್ಕೂ ಕೋಣೆಗಳನ್ನು ಕೆಡವಬೇಕಾಯಿತು. ಕಂತು ನಿಂತಿದ್ದರಿಂದ ಯಂತ್ರ ಮಾರಿದವನೇ ಬಂದು ಯಂತ್ರವನ್ನು ಬಿಚ್ಚಿಕೊಂಡು ಹೋದ. ಜನ ಮೇಸ್ತ್ರಿಗೆ 'ಸಿಡುಬಿನ ಮೇಸ್ತ್ರಿ' ಎಂದು ಹೆಸರಿಟ್ಟರು. ಗೂಡು ಎರಡು ವರ್ಷ ತಣ್ಣಗೆ ಬಿದ್ದಿತ್ತು. ಆ ಎರಡು ವರ್ಷವೂ ಗೂಡಿನವನು ಕೇಳಿದವರಿಗೆಲ್ಲ ಹೇಳಿದ್ದು ಒಂದೇ: "ಯಂತ್ರ ಕೈಕೊಡ್ತು."

ಈಗಿನ ಗೂಡು ಅತ್ತಿಗೆ ಒಪ್ಪಿದ್ದರಿಂದ ಹಚ್ಚಿದ್ದು. ಜಾಗದಲ್ಲಿ ಅರ್ಧ ಅವಳ ಗಂಡನ ಪಾಲು. ಅವನು ತೀರಿಹೋಗಿ ಆರು ವರ್ಷವಾಗಿತ್ತು. "ಇದೊಂದು ಗೂಡು ನೋಡೋಣ. ಮೇಸ್ತ್ರಿ ತಗೊಳ್ಳಲಿಲ್ಲ ಅಂದ್ರೆ ಇನ್ಯಾರೂ ತಗೊಳ್ಳಲ್ಲ. ಆಮೇಲೆ ಜಾಗ ಗುತ್ತಿಗೆಗೆ ಕೊಡೋಣ," ಎಂದಿದ್ದಳು. ಅಟ್ಟದ ಹಲಗೆಗಳನ್ನು ಇಳಿಸಿದವಳೂ ಅವಳೇ. ಮೂವರೂ ಕೂತು ಮಣ್ಣು ಆರಿಸಿದರು. ಅತ್ತಿಗೆಯದು ಒಂದು ಗುಳಿ, ಅವನ ಹೆಂಡತಿಯದು ಎರಡು, ಅವನದು ಮೂರು.

ಹನ್ನೊಂದನೆಯ ದಿನ ಬೆಳಿಗ್ಗೆ ನೀರು ಚಿಮುಕಿಸಲು ಗೋಣಿಚೀಲ ಎತ್ತಿದಾಗ, ಕೊನೆಯ ಸಾಲಿನ ಒಂದು ಇಟ್ಟಿಗೆಯಿಂದ ನಾಣ್ಯದಷ್ಟು ಅಗಲದ ಚಕ್ಕೆ ಎದ್ದಿತ್ತು. ಕೆಳಗೆ ಬಿಳಿ ಹಿಟ್ಟು. ಅವನು ತಿರುಗಿಸಿ ನೋಡಿದ. ಮೂರು ಗುಳಿ.

ಚಪ್ಪರದಲ್ಲಿ ಬೇರೆ ಯಾರೂ ಇರಲಿಲ್ಲ. ಇಟ್ಟಿಗೆಯನ್ನು ಟವೆಲಿನಲ್ಲಿ ಸುತ್ತಿ, ಗೂಡಿನಿಂದ ಇಳಿಸಿದ್ದ ಇಟ್ಟಿಗೆಗಳ ರಾಶಿಯ ಹತ್ತಿರ ಹೋದ. ಮೂರು ಗುಳಿಯ ಇನ್ನೊಂದನ್ನು ಆರಿಸಿ, ಅದನ್ನು ಬೆಳಕಿಗೆ ಹಿಡಿದು ನಾಲ್ಕೂ ಕಡೆ ನೋಡಿದ. ಗಟ್ಟಿಯಾಗಿತ್ತು. ಆದರೆ ಅದೂ ಅದೇ ಮಣ್ಣು, ಅದೇ ಕೈ. ಇವತ್ತು ಬದಲಾಯಿಸಿದರೆ ನಾಳೆ ಇದು ಸಿಡಿಯಬಹುದು. ಇಲ್ಲಿ ಸಿಡಿಯದಿದ್ದರೆ ಮೇಸ್ತ್ರಿಯ ಗೋಡೆಯಲ್ಲಿ ಸಿಡಿಯಬಹುದು. ಸ್ವಲ್ಪ ಹೊತ್ತು ಎರಡು ಕೈಯಲ್ಲೂ ಒಂದೊಂದು ಇಟ್ಟಿಗೆ ಹಿಡಿದು ನಿಂತಿದ್ದು, ಅತ್ತಿಗೆಯನ್ನು ಕರೆದ.

ಅತ್ತಿಗೆ ಬಿಳಿ ಹಿಟ್ಟನ್ನು ಉಗುರಲ್ಲಿ ಕೆರೆದಳು. "ಯಂತ್ರ ಕೈಕೊಡ್ತಾ?"

ಅವನು ಇಟ್ಟಿಗೆಯ ಮೂರು ಗುಳಿಗಳನ್ನು ಅವಳ ಕಡೆ ತಿರುಗಿಸಿದ.

"ಆರಿಸೋವಾಗಲೇ ನಾನು ನೋಡಿದೆ. ನೀನು ಕಣ್ಣಲ್ಲಿ ಹುಡುಕ್ತಿದ್ದೆ. ಮಣ್ಣು ಮೆತ್ತಿದ ಹರಳು ಕಣ್ಣಿಗೆ ಕಾಣುತ್ತೇನಪ್ಪಾ? ಬೆರಳಿಗೆ ಸಿಗಬೇಕು."

"ಆಗಲೇ ಹೇಳೋದಲ್ವಾ ಅತ್ತಿಗೆ?"

"ಹೇಳಿದೆ. ನೀನು 'ಆಗಲಿ' ಅಂದೆ."

ಅತ್ತಿಗೆಯ ಹಿಂದೆಯೇ ಬಂದಿದ್ದ ಅವನ ಹೆಂಡತಿ ಬಾಯಿಗೆ ಸೆರಗು ಹಿಡಿದುಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯುವಂತಿರಲಿಲ್ಲ. "ರೀ, ಮೇಸ್ತ್ರಿಗೆ ಏನು ಹೇಳ್ತೀರಿ?"

"ಇದನ್ನೇ ತೋರಿಸ್ತೀನಿ."

ಮೂರು ವಾರ ತುಂಬುವಷ್ಟರಲ್ಲಿ ಇನ್ನೂ ನಾಲ್ಕು ಸಿಡಿದವು. ನಾಲ್ಕೂ ಮೂರು ಗುಳಿಯವೇ. ಅವನು ಐದನ್ನೂ ಬೇರೆ ಸಾಲಿನಲ್ಲಿ, ಚಪ್ಪರದ ಬಾಯಲ್ಲೇ, ಬಂದವರು ಎಡವುವ ಹಾಗೆ ಇಟ್ಟ.

ಮೇಸ್ತ್ರಿ ಬಂದವನು ಐದನ್ನೂ ಕಂಡು ವಾಪಸು ತಿರುಗಿದ. ಮತ್ತೆ ಏನೋ ಅನ್ನಿಸಿ ಬಗ್ಗಿ, ಒಂದನ್ನು ಎತ್ತಿ ಕರಣೆಯ ಅಂಚಿನಿಂದ ಒಡೆದ. ಒಳಗೆ ಕಡಲೆ ಗಾತ್ರದ ಬಿಳಿ ಹರಳು.

"ಈ ಮೂರು ಗುಳಿ ಯಾರದು?"

"ನಂದು."

"ಉಳಿದವು?"

"ಒಂದು ಅತ್ತಿಗೇದು, ಎರಡು ಇವಳದು. ಅವುಗಳಲ್ಲಿ ಒಂದೂ ಸಿಡಿದಿಲ್ಲ. ನೀನೇ ನೋಡು."

ಮೇಸ್ತ್ರಿ ಚಪ್ಪರದೊಳಗೆ ಹೋಗಿ, ಚಪ್ಪಲಿ ಬಿಟ್ಟು ಕುಕ್ಕರುಗಾಲಲ್ಲಿ ಕೂತು, ಉಳಿದ ಎಂಬತ್ತೈದನ್ನೂ ಒಂದೊಂದಾಗಿ ತಿರುಗಿಸಿದ.

"ಆ ಶಾಲೇಲಿ," ಎಂದ ಕೊನೆಗೆ, ಮುಖ ಎತ್ತದೆ, "ಯಾವ ಗೋಡೆ ಉಳಿಸಬೇಕು, ಯಾವುದು ಕೆಡವಬೇಕು ಅಂತ ಹುಡುಕಿದೆ. ಎಲ್ಲಾದ್ರ ಮೇಲೂ ನಿನ್ನ ಅಕ್ಷರ. ಒಳ್ಳೇದು ಯಾವುದು, ಹಾಳು ಯಾವುದು, ಗೊತ್ತಾಗಲಿಲ್ಲ. ಎಲ್ಲಾ ಕೆಡವಿದೆ."

"ಗೊತ್ತು."

"ಈಗ ಗುಳಿ ನೋಡಿದ್ರೆ ಗೊತ್ತಾಗುತ್ತೆ." ಮೇಸ್ತ್ರಿ ಎದ್ದು ಮಂಡಿಯ ಮರಳು ಒರೆಸಿಕೊಂಡ. "ಒಂದು, ಎರಡು ಗುಳಿಯವು ಇನ್ನೊಂದು ವಾರ ನೆನೀಲಿ. ಸುಮ್ಮನಿದ್ರೆ ಗಾಡಿ ಕಳಿಸ್ತೀನಿ. ನಿಂದು ಒಂದೂ ಬೇಡ. ನೀನು ಮಣ್ಣು ಹೊರು ಯಜಮಾನ, ಹೆಂಗಸರ ಹೊಟ್ಟೆ ಮೇಲೆ ಹೊಡೀಬೇಡ."

ಆ ವಾರ ಯಾವುದೂ ಸಿಡಿಯಲಿಲ್ಲ. ಗಾಡಿ ಬಂತು, ಎರಡು ಸಲ ತುಂಬಿ ಹೋಯಿತು. ಉಳಿದದ್ದು ಮೂರು ಗುಳಿಯ ರಾಶಿ, ಗೂಡಿನ ಮೂರನೇ ಒಂದು ಭಾಗ. ಅದನ್ನು ಅವನೇ ಸುತ್ತಿಗೆ ಹಿಡಿದು ಒಡೆದು, ಗೂಡಿಗೆ ಹೋಗುವ ಕೆಸರು ದಾರಿಗೆ ತುಂಬಿದ. ಅದಕ್ಕೆ ನಾಲ್ಕು ದಿನ ಹಿಡಿಯಿತು.

ಐದನೆಯ ದಿನ ಮಣ್ಣು ಹೊತ್ತು ಹಾಕಿದ ಮೇಲೆ, ಅತ್ತಿಗೆಯ ಪಕ್ಕದಲ್ಲಿ ಹಲಗೆ ಇಟ್ಟುಕೊಂಡು ಕೂತ.

"ಕಣ್ಣು ಮುಚ್ಚು," ಎಂದಳು ಅತ್ತಿಗೆ.

ಅವನು ಮುಚ್ಚಿದ. ಹೆಬ್ಬೆರಳಿನ ಕೆಳಗೆ ಮಣ್ಣು ನುಣ್ಣಗೆ ಜಾರುತ್ತಿತ್ತು. ಒಂದು ಹಿಡಿ ಆದ ಮೇಲೆ ಅವನು ಆರಿಸಿಟ್ಟ ಮಣ್ಣಿನ ಗುಡ್ಡೆಯನ್ನು ಅತ್ತಿಗೆ ತನ್ನ ಹಲಗೆಗೆ ಎಳೆದುಕೊಂಡು ಮತ್ತೆ ಉಜ್ಜಿದಳು. ಟಕ್ ಟಕ್ ಎಂದು ಡಬ್ಬಿಯೊಳಗೆ ಹರಳುಗಳು ಬಿದ್ದವು.

"ಏಳು ಹರಳು," ಎಂದಳು. "ಇದಕ್ಕೆ ನಿನ್ನ ಗುರುತು ಹಾಕಬೇಡ. ಇನ್ನೊಂದು ಹಿಡಿ ತಗೋ."