ದಕ್ಷಿಣದ, ದಕ್ಷಿಣಕ್ಕೆ

ತಮ್ಮನ ದೋಣಿಯ ಎಂಜಿನ್ ಕೆಟ್ಟು ಎರಡು ಗಂಟೆಯಾಗಿತ್ತು. ಅಷ್ಟು ತಿಳಿಸುವಷ್ಟರಲ್ಲಿ ಅವನ ಫೋನೂ ಸತ್ತಿತ್ತು. ಅಕ್ಕ ಕಡಲ ಅಧ್ಯಯನ ಕೇಂದ್ರದಲ್ಲಿ ಕೂತಿದ್ದಳು. ಅವನು ಮೀನಿಗೆ ಹೋದವನಲ್ಲ. ಮಳೆಗಾಲವಿಡೀ ಕಡಲ ತಳದಲ್ಲಿ ಕೂತು ನೀರಿನ ಹರಿವು ಅಳೆದ ಇವಳ ಯಂತ್ರವನ್ನು ಎತ್ತಿ ತರಲು ಹೋದವನು. ನಾನಿರುವಾಗ ಬೇರೆಯವರ ದೋಣಿ ಯಾಕೆ ಎಂದು ಅವನೇ ಹಟ ಹಿಡಿದಿದ್ದ.

ಹುಡುಕಲು ಹೊರಟ ದೋಣಿಗಳ ಮುಖ್ಯಸ್ಥರು ನೀರಿನ ಸೆಳೆತ ಹೇಗಿದೆ ಎಂದು ಕೇಳಿದಾಗ, ಹನ್ನೆರಡು ವರ್ಷ ಅದನ್ನೇ ಓದಿದವಳು ಥಟ್ಟನೆ ದಕ್ಷಿಣದ ಪ್ರವಾಹ ಎಂದಿದ್ದಳು.

ಅರ್ಧ ಗಂಟೆ ಬಿಟ್ಟು ಅವರೇ ಫೋನ್ ಮಾಡಿ, ದೋಣಿಗಳೆಲ್ಲ ಉತ್ತರಕ್ಕೆ ಹೋಗಿವೆ, ಏನೂ ಕಂಡಿಲ್ಲ ಎಂದರು. ತನ್ನ ಮಾತು ಎಲ್ಲಿ ದಾರಿ ತಪ್ಪಿಸಿತೆಂದು ಅವಳಿಗೆ ಆಗ ಹೊಳೆಯಿತು.

ಗಾಳಿಗೆ ಅದು ಬಂದ ದಿಕ್ಕಿನ ಹೆಸರು, ಪ್ರವಾಹಕ್ಕೆ ಹೋಗುವ ದಿಕ್ಕಿನ ಹೆಸರು. ದಕ್ಷಿಣದ ಗಾಳಿ ಉತ್ತರಕ್ಕೆ ಬೀಸುತ್ತದೆ. ದಕ್ಷಿಣದ ಪ್ರವಾಹ ದಕ್ಷಿಣಕ್ಕೇ ಹರಿಯುತ್ತದೆ. ಇದು ಪುಸ್ತಕದ ಪಂಡಿತರು ಮಾಡಿಕೊಂಡ ಏರ್ಪಾಡು. ಜೀವನವಿಡೀ ಗಾಳಿ ನೋಡಿ ದೋಣಿ ಬಿಟ್ಟ ಮುಖ್ಯಸ್ಥರು ತಮ್ಮ ರೂಢಿಯಂತೆ ಅರ್ಥಮಾಡಿಕೊಂಡಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ದಕ್ಷಿಣಕ್ಕೆ, ಸರ್. ದಕ್ಷಿಣದಿಂದ ಅಲ್ಲ. ತಪ್ಪು ನಂದೇ."

"ಖಾತ್ರಿನಾ, ಮೇಡಂ? ಕತ್ತಲಾಗೋದ್ರೊಳಗೆ ಇನ್ನೊಂದು ಸಲ ತಿರುಗಿಸೋಕಾಗಲ್ಲ."

ಖಾತ್ರಿ ಎಲ್ಲಿಂದ ತರುವುದು? ಮಳೆಗಾಳಿ ಇರುವವರೆಗೆ ಈ ದಡದ ನೀರು ದಕ್ಷಿಣಕ್ಕೆ ಹರಿಯುತ್ತದೆ. ಗಾಳಿ ಇಳಿದರೆ ಮಗ್ಗುಲು ಬದಲಿಸಿ ಉತ್ತರಕ್ಕೆ. ಬದಲಾಗುವುದು ಈ ವಾರವೋ ಮುಂದಿನ ವಾರವೋ, ಅದನ್ನು ತಿಳಿಯಲೆಂದೇ ಅಲ್ಲವೇ ಆ ಯಂತ್ರ? ದಡದ ಹತ್ತಿರ ತೇಲಿಬಿಟ್ಟ ಉಪಕರಣ ಕಳಿಸಿದ್ದ ಕೊನೆಯ ಅಂಕಿ ಮೂರು ದಿನ ಹಳೆಯದು. ಕಿಟಕಿಯಾಚೆ ಕಚೇರಿಯ ಬಾವುಟ ನೋಡಿದಳು. ಇನ್ನೂ ಬಿಗಿಯಾಗಿ ಹಾರುತ್ತಿತ್ತು.

"ಖಾತ್ರಿ," ಎಂದಳು.

ಆಮೇಲೆ ಜೀವವನ್ನು ಅಂಗೈಯಲ್ಲಿ ಹಿಡಿದು ಕೂತಳು. ಅಮ್ಮ ಮೂರು ಸಲ ಫೋನ್ ಮಾಡಿದರೂ ಎತ್ತಲಿಲ್ಲ.

ನಾಲ್ಕು ಗಂಟೆಗೆ ಮುಖ್ಯಸ್ಥರ ಫೋನ್ ಬಂತು. ದಕ್ಷಿಣದಲ್ಲಿ ಸಿಕ್ಕಿದ್ದ, ಯಂತ್ರವೂ ದೋಣಿಯಲ್ಲಿತ್ತು. ಅವಳು ಅಳುತ್ತಿರುವಾಗಲೇ ಅವರು ಫೋನನ್ನು ತಮ್ಮನ ಕೈಗೆ ಕೊಟ್ಟರು.

"ಅಕ್ಕ, ಮಧ್ಯಾಹ್ನನೇ ಇವರ ದೋಣಿಗಳು ದೂರದಲ್ಲಿ ಕಂಡ್ವು. ಅಂಗಿ ಬಿಚ್ಚಿ ಬೀಸಿದೆ, ಕೂಗಿದೆ. ಬೆನ್ನು ಹಾಕಿ ಉತ್ತರಕ್ಕೆ ಹೋಗೇಬಿಟ್ರು. ಯಾವ ಪುಣ್ಯಾತ್ಮ ಅವರಿಗೆ ಆ ಕಡೆ ದಾರಿ ತೋರಿಸಿದ್ದು?"

ಅವಳು ಕಣ್ಣೊರೆಸಿಕೊಂಡಳು.

"ನಾನೇ ಕಣೋ."