ಸುಣ್ಣ ಸುರಿದ ಹೊಂಡ

“ಸಾಬೂನು ನೊರೀನ ಬರವಲ್ದು,” ಎಂದು ಕಾಳಪ್ಪ ಅಣ್ಣ ದೇವಪ್ಪನ ಹೆಣದ ಬೆನ್ನು ಉಜ್ಜುತ್ತ ಗೊಣಗಿದ. ಶಿರೂರಿನ ಈ ಹೊಲದ ಬೋರಿನ ನೀರೇ ಹಾಗೆ. ಬೇಳೆ ಬೇಯದು, ಬಟ್ಟೆ ಬೆಳ್ಳಗಾಗದು. ದೇವಪ್ಪ ಮಾತ್ರ ಸಾಯುವ ತನಕ, ಹೋಗಲಿ, ಹೋದ ವರ್ಷದ ತನಕ ಅದನ್ನು ಅಮೃತ ಎನ್ನುತ್ತಿದ್ದ.

ಅಷ್ಟರಲ್ಲಿ ಇಳಕಲ್ಲಿನಿಂದ ಜಹಾಂಗೀರ ಬಂದು ಅಂಗಳದ ತುದಿಗೆ ನಿಂತ. ಹಿಂದೆ ಸೀಗಡಿ ಮರಿ ಮಾರುತ್ತಿದ್ದವನು. ಈಗ ಬಸ್ ಸ್ಟ್ಯಾಂಡಿನಲ್ಲಿ ಬಾಳೆಹಣ್ಣಿನ ಗಾಡಿ ಇಟ್ಟಿದ್ದಾನೆ.

“ಇಂವಾ ಯಾಕ ಬಂದಾ?” ಕಾಳಪ್ಪ ಕೆರಳಿದ.

“ಸುಮ್ನಿರು ಕಾಳಪ್ಪಾ. ನಿಮ್ಮಣ್ಣ ದಿನಾ ನೆನಸ್ತಿದ್ದದ್ದು ಇವನ್ನ,” ಎಂದಳು ದೇವಪ್ಪನ ಹೆಂಡತಿ ಸಕ್ರವ್ವ.

*

ಕೆಲವು ವರ್ಷಗಳ ಹಿಂದಿನ ಒಂದು ಬೇಸಿಗೆ, ದೇವಪ್ಪನ ಹೊಂಡದ ಸೀಗಡಿ ಬೆರಳುದ್ದಕ್ಕೇ ನಿಂತುಬಿಟ್ಟಿದ್ದವು.

“ನೀರು ತಪಾಸಣಿ ಮಾಡ್ಸೋ ದೇವಪ್ಪಾ. ಸುಣ್ಣದಂಶ ಭಾಳ ಐತಿ. ಚಿಪ್ಪು ಕಳಚಿದ್ರನ ಸೀಗಡಿ ಬೆಳಿಯೂದು. ಚಿಪ್ಪ ಕಲ್ಲಾದ್ರ ಹ್ಯಾಂಗ ಕಳಚ್ತಾವ?” ಎಂದಿದ್ದ ಜಹಾಂಗೀರ.

“ನಮ್ಮಪ್ಪ ಕೊರೆಸಿದ ಬೋರಿಗೆ ಕುಂದ ಇಡ್ತೀ? ನಿನ್ನ ಮರೀನ ಖೊಟ್ಟಿ!”

ಮೀನಿನ ಹೊಂಡಕ್ಕೆ ಎಲ್ಲರೂ ಹಾಕುತ್ತಾರಲ್ಲ ಎಂದು ದೇವಪ್ಪ ಆ ನೀರಿಗೇ ಇನ್ನಷ್ಟು ಸುಣ್ಣ ಸುರಿದ. ಅರ್ಧಕ್ಕರ್ಧ ಸತ್ತವು. ಜಹಾಂಗೀರನ ಮರಿ ಖೊಟ್ಟಿ, ಬೆಳೆಯದ ಜಾತಿ ಎಂದು ಹುನಗುಂದದ ಸಂತೆಯವರೆಗೂ ಸಾರಿಕೊಂಡು ಬಂದ. ಎಂಥ ಬಾಯಿ ಅದು! ಆಮೇಲೆ ಜಹಾಂಗೀರನ ಹತ್ತಿರ ಯಾರೂ ಮರಿ ಕೊಳ್ಳಲಿಲ್ಲ.

ಹೋದ ವರ್ಷ ದೇವಪ್ಪನ ಮಗಳು ಗೀತಾಂಜಲಿ ಹಟ ಹಿಡಿದು ಬಾಗಲಕೋಟೆಯಲ್ಲಿ ನೀರು ಪರೀಕ್ಷೆ ಮಾಡಿಸಿದಳು. ಜಹಾಂಗೀರ ಹೇಳಿದ್ದೇ ನಿಜವಾಗಿತ್ತು. ದೇವಪ್ಪ ಅಂದು ಉಣ್ಣಲಿಲ್ಲ. ಮಳೆನೀರು ಕೂಡಿಸಿ ಬೋರಿನ ನೀರಿಗೆ ಬೆರೆಸಿ ಹೊಸ ಮರಿ ಬಿಟ್ಟ.

“ಮೊದ್ಲ ಹೋಗಿ ತಪ್ಪಾತು ಅನ್ರಿ,” ಎಂದಳು ಸಕ್ರವ್ವ.

“ಬರಿಗೈಲೆ ಹ್ಯಾಂಗ ಹೋಗ್ಲಿ? ಇವು ದೊಡ್ಡವಾಗ್ಲಿ. ಒಯ್ದು ಕೊಟ್ಟು ಕಾಲು ಹಿಡೀತೇನಿ.”

*

ಹೊಲದಲ್ಲೇ ಮಣ್ಣು ಮಾಡಿದರು. ಎಲ್ಲರೂ ತಿರುಗಿದ ಮೇಲೆ ಜಹಾಂಗೀರ ಹಿಡಿ ಮಣ್ಣು ಹಾಕಿದ. ಸಕ್ರವ್ವ ಅವನನ್ನು ತಡೆದಳು.

“ಯಣ್ಣಾ, ನಿನ್ನ ಬದುಕ ಹಾಳ ಮಾಡಿದ್ವಿ. ತಪ್ಪು ನಮ್ಮ ನೀರಿಂದು. ಅದನ್ನ ಹೇಳಾಕ ಬರಾವ್ರಿದ್ರು, ಬರಿಗೈಲೆ ಬರಾಕ ನಾಚಿದ್ರು.”

“ಬಂದಿದ್ರ ಸಾಕಿತ್ತವ್ವಾ.” ಜಹಾಂಗೀರ ಕೈಯ ಮಣ್ಣು ಒರೆಸಿಕೊಂಡ. “ಶಿರೂರ ಬಸ್ ಬಂದಾಗೆಲ್ಲ ಬಾಗಲಾ ನೋಡ್ತಿದ್ದೆ.”

ಅವಳಿಗೆ ಅಳು ತಡೆಯಲಾಗಲಿಲ್ಲ. ಅವನನ್ನು ಹೊಂಡದ ದಂಡೆಗೆ ಕರೆದೊಯ್ದು, ಮೇವು ಇಡುವ ಜಾಳಿಗೆಯನ್ನು ಎಳೆದು ತೋರಿಸಿದಳು. ಅದರೊಳಗೆ ಅಂಗೈಯುದ್ದದ ಚಿಪ್ಪೊಂದು ಅಂಟಿಕೊಂಡಿತ್ತು. ಮೀಸೆ, ಕಾಲು ಎಲ್ಲ ಇದ್ದ ಹಾಗೇ ಇದ್ದವು. ಒಳಗಿನ ಸೀಗಡಿ ಚಿಪ್ಪು ಕಳಚಿಟ್ಟು ಹೋಗಿತ್ತು. ಜಹಾಂಗೀರ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡ.